ಒಂದು ಸಾವಿರ ಆಗಲಿ

ಜನವರಿ ೧೧, ಭಾನುವಾರ. ಮಂಜೂರು.

ಬೆಳಿಗ್ಗೆಯಿಂದ ಒಂದೇ ಪದ ಕಿವಿ ಕೊರೆಯುತ್ತಿದೆ: 'ಸರಿಹೋದಳು'. ನಾಲ್ಕು ವರ್ಷ ಗಂಡಸಾಗಿ, ಶಶಿಕುಮಾರನಾಗಿ ಬದುಕಿದ ನಾನು ಮತ್ತೆ ಶಶಿಕಲಾ ಆದದ್ದನ್ನು ವಸಂತಿ ಅತ್ತೆ ಬಸ್ ನಿಲ್ದಾಣದಲ್ಲೆಲ್ಲ ಹೀಗೆ ಬಿತ್ತರಿಸಿದ್ದಾಳೆ, ನಾನೇನೋ ರಿಪೇರಿಗೆ ಹೋಗಿದ್ದ ಮಿಕ್ಸಿ ಎಂಬಂತೆ. ಹಾರ್ಮೋನಿನ ಸೂಜಿಮದ್ದು ನಿಲ್ಲಿಸಿ ವರ್ಷವಾಯಿತು. ಗಡ್ಡ ಮತ್ತು ದಪ್ಪ ದನಿ ಮಾತ್ರ ಖಾಯಂ ನಿವಾಸಿಗಳು.

ನಾಳೆ ತಮ್ಮನ ಮದುವೆ. ಅತ್ತೆ ಷರತ್ತು ಹಾಕಿದಳು: "ಗಡ್ಡ ನುಣ್ಣಗೆ ಬೋಳಿಸ್ಕೊ. ಹಿರಿಯರ ಮುಂದೆ ತಪ್ಪಾಯ್ತು ಅನ್ನು. ಆಮೇಲೆ ಬಾಯೇ ಬಿಡ್ಬೇಡಮ್ಮಾ, ಆ ದನಿ ಕೇಳಿದ್ರೆ ಹೆಣ್ಣಿನ ಕಡೆಯವ್ರು ಎದ್ದು ಹೋಗ್ತಾರೆ."

"ದನೀನ ಮನೇಲೇ ಬಿಟ್ಟು ಬರ್ಲಾ ಅತ್ತೆ?" ಎಂದೆ, ಅದೇ ದನಿಯಲ್ಲಿ. ಅಂಗಳದ ನಾಯಿ ಗೌರವದಿಂದ ಎದ್ದು ನಿಂತಿತು.

ಗಡ್ಡ ಬೋಳಿಸುತ್ತೇನೆ, ಅದು ನನ್ನಿಷ್ಟ. ತಪ್ಪಾಯಿತು ಎನ್ನಲಾರೆ. ಹೋದದ್ದೂ ನನ್ನ ಕಾಲಲ್ಲಿ, ಬಂದದ್ದೂ ನನ್ನ ಕಾಲಲ್ಲಿ. ಅವನೂ ನಾನೇ.

ಸಂಜೆ ಹೆತ್ತೆಯ ಮುಂದೆ ತಲೆ ಬಾಗಿದೆ; ನಮ್ಮಲ್ಲಿ ಅಜ್ಜಿಗೆ ಹಾಗೆನ್ನುವುದು. ಕಣ್ಣು ಕಾಣದ ಅಜ್ಜಿ ನೆತ್ತಿ ಮುಟ್ಟಿ, ಗಲ್ಲದ ಮುಳ್ಳು ತಡವಿ ನಕ್ಕು, ಎಲ್ಲರಿಗೂ ಹೇಳುವ ಹರಕೆಯನ್ನೇ ಹೇಳಿದಳು: "ಒಂದು ಸಾವಿರ ಆಗಲಿ."

ಹುಟ್ಟಿದಂದಿನಿಂದ ಸಾವಿರವಾಗು ಎಂದು ಹರಸಿದ ಊರು, ನಾನು ಎರಡಾಗುವಷ್ಟರಲ್ಲೇ ಕೈಕಾಲು ಬಿಟ್ಟಿತಲ್ಲ!

ನಾಳೆ ಮದುಮಕ್ಕಳು ತಲೆ ಬಾಗಿದಾಗ ಅಕ್ಕನಾದ ನಾನೂ ಹರಸಬೇಕು. ಬಾಯಿ ಬಿಟ್ಟೇ ಹರಸುತ್ತೇನೆ, ಚಪ್ಪರದ ಕೊನೆಯ ಸಾಲಿಗೂ ಕೇಳುವಂತೆ. ಈ ದನಿಗೆ ಮೈಕೂ ಬೇಕಾಗುವುದಿಲ್ಲ.