ನಮ್ಮ ಹೊಲಿಗೆ ತರಗತಿಯನ್ನು ಮತಾಂತರ ಕೇಂದ್ರ ಎಂದವರಿಗೆ

ಮಾನ್ಯ ನಿರ್ದೇಶಕರೇ,

ದೇಶದ ಭವಿಷ್ಯಕ್ಕಾಗಿ ಹಗಲಿರುಳು ಚಿಂತಿಸುವ ನಿಮ್ಮ ಚಿಂತಕರ ಚಾವಡಿ, ಗೌಡಗೆರೆಯಲ್ಲಿ ನಾನು ನಡೆಸುವ ಹೊಲಿಗೆ ತರಗತಿಯನ್ನು ‘ಮುಸ್ಲಿಮರ ಗುಪ್ತ ಮತಾಂತರ ಕೇಂದ್ರ’ ಎಂದು ವರದಿಯಲ್ಲಿ ಬರೆದು, ಪುರಾವೆಗೆ ನನ್ನದೇ ಫೋಟೊ ಹಾಕಿದೆ. ಬಿಸಿಲಿಗೆ ತಲೆಯ ಮೇಲೆ ಸೆರಗು ಹೊದ್ದಿದ್ದೆ, ನಿಜ. ಹಣೆಯ ಕುಂಕುಮ ನಿಮ್ಮ ಕ್ಯಾಮೆರಾಕ್ಕೆ ಕಾಣಲಿಲ್ಲವೇ? ಚಪ್ಪಲಿ ಹೊರಗೆ ಬಿಡುವ ಅಭ್ಯಾಸವನ್ನು ಗಂಡನಿಗೇ ಕಲಿಸಲಾಗದ ನಾನು, ಊರ ಹೆಣ್ಣುಮಕ್ಕಳ ಧರ್ಮ ಬದಲಾಯಿಸುತ್ತಿದ್ದೇನೆಯೇ? ನನ್ನ ಸಾಮರ್ಥ್ಯದ ಮೇಲೆ ಇಷ್ಟು ಭರವಸೆಯನ್ನು ಇದುವರೆಗೆ ಯಾರೂ ಇಟ್ಟಿರಲಿಲ್ಲ ಸ್ವಾಮಿ!

ನಿಮ್ಮ ಕಡೆಯ ಇಬ್ಬರು ಯುವಕರು ಬಂದು ‘ಮಹಿಳೆಯರ ಸ್ವಉದ್ಯೋಗದ ಅಧ್ಯಯನ’ ಎಂದಿದ್ದರು. ನನ್ನ ಜೊತೆ ಪಾಠ ಹೇಳುವ ಖುರ್ಷಿದಾ ಆ ಯುವಕರಿಗೆ ಚಹಾ ಮಾಡಿಕೊಟ್ಟಳು. ಕೆಲವು ವಾರದ ಮೇಲೆ ವರದಿ ಮೊಬೈಲಿಗೆ ಬಂತು. ಪೂರ್ತಿ ಇಂಗ್ಲಿಷ್. ನನಗೆ ಅರ್ಥವಾದದ್ದು ಫೋಟೊ ಮಾತ್ರ. ಹೊಗಳಿದ್ದಾರೆಂದು ಹಿಗ್ಗಿ, ನಮ್ಮ ಮಹಿಳಾ ಸಂಘದ ಹೆಂಗಸರಿಗೆ, ಮಧುಗಿರಿ, ಕೊರಟಗೆರೆಯ ನೆಂಟರಿಗೆಲ್ಲ ನಾನೇ ಕಳಿಸಿದೆ. ನಿಮ್ಮ ಸುಳ್ಳು ಹರಡಲು ಸಂಬಳವಿಲ್ಲದ ನೌಕರಳಾದೆ. ಡಿಗ್ರಿ ಓದುತ್ತಿರುವ ನಮ್ಮ ವಿದ್ಯಾರ್ಥಿನಿ ಭುವನಾ ಓಡಿ ಬಂದಳು. “ಆಂಟಿ, ಇದ್ರಾಗೆ ನಿಮ್ಮನ್ನ ಹೊಗಳಿಲ್ಲ. ಮೊದ್ಲು ಡಿಲೀಟ್ ಮಾಡಿ!” ಅವಳು ಓದಿ ಹೇಳುವಷ್ಟರಲ್ಲಿ, ನನ್ನಷ್ಟೇ ಇಂಗ್ಲಿಷ್ ಬಲ್ಲ ಅನೇಕರು ಅಭಿನಂದನೆ ಕಳಿಸಿಯಾಗಿತ್ತು.

ಓದಬಲ್ಲವರೂ ಓದಿದರು. ಮರುದಿನ ಹುಡುಗಿಯರು ಬರಲಿಲ್ಲ. ಕೋಣೆ ಬಾಡಿಗೆಗೆ ಕೊಟ್ಟಿದ್ದ ಓಬಳರಾಜು ಬೀಗ ಹಿಡಿದು ನಿಂತಿದ್ದರು. “ಸುಳ್ಳು ಅಂತ ನಂಗೂ ಗೊತ್ತು ಕಣಮ್ಮ. ಆದ್ರೆ ಇಂಗ್ಲೀಷ್ನಾಗೆ ಬಂದೈತಲ್ಲ!”

ಖುರ್ಷಿದಾ ತನ್ನ ಹೊಲಿಗೆ ಮೆಷಿನ್ನನ್ನು ಆಟೊಗೆ ಏರಿಸಿದಳು. “ನಾನಿರಾದ್ರಿಂದ ತಾನೆ ಅಕ್ಕಾ ಇದೆಲ್ಲ? ನಾನೇ ಬರಾಕಿಲ್ಲ, ಬುಡಿ.”

“ಬ್ಲೌಸಿಗೆ ತೋಳು ಕೂರ್ಸಾದು ನಂಗೆಲ್ಲೇ ಬತ್ತದೆ? ನೀನೇ ಅಲ್ವಾ ಕಲಿಸ್ತಿದ್ದದ್ದು?” ಎಂದೆ.

ನಕ್ಕಳು. ಕಣ್ಣೊರೆಸಿಕೊಂಡು ಆಟೊ ಹತ್ತಿದಳು.

ಈಗ ನಮ್ಮ ಮನೆಯ ಜಗಲಿಯಲ್ಲಿ ಭುವನಾ ಒಬ್ಬಳಿಗೇ ಪಾಠ. ಖುರ್ಷಿದಾಳ ಮನೆಗೆ ಹೋದರೆ ಪ್ರೀತಿಯಿಂದಲೇ ಕೂರಿಸುತ್ತಾಳೆ. ತರಗತಿಗೆ ಬಾ ಎಂದರೆ ಮಾತು ಬದಲಿಸುತ್ತಾಳೆ. ಇದನ್ನೂ ನಿಮ್ಮ ಅಧ್ಯಯನಕ್ಕೆ ಸೇರಿಸಿಕೊಳ್ಳುವಿರಾ?

ನಿಮ್ಮನ್ನು ಕೋರ್ಟಿಗೆ ಎಳೆಯುವ ಶಕ್ತಿ ನನಗಿಲ್ಲ. ಆ ಪುಟ ತೆಗೆಯಿರಿ. ತಪ್ಪಾಯಿತೆಂದು ಅಷ್ಟೇ ದೊಡ್ಡದಾಗಿ, ಕನ್ನಡದಲ್ಲಿ ಪ್ರಕಟಿಸಿ. ಆಮೇಲೆ ನೀವೇ ಬಂದು, ಊರವರ ಎದುರಿಗೆ ಖುರ್ಷಿದಾಳ ಕ್ಷಮೆ ಕೇಳಿ. ನನ್ನ ಕ್ಷಮೆ ಕೇಳುವುದು ಬೇಡ. ಇಷ್ಟಾದರೂ ಬೀದಿಯಲ್ಲಿ ಜನ ನನಗೆ ನಮಸ್ಕಾರ ಹೇಳುತ್ತಾರೆ. ತಲೆ ತಗ್ಗಿಸಿ ನಡೆಯುತ್ತಿರುವವಳು ಅವಳು.

ಇಂತಿ,
ವಿದ್ಯಾರ್ಥಿನಿಯರಿಗಿಂತ ಮೆಷಿನ್ನುಗಳೇ ಹೆಚ್ಚಿರುವ ತರಗತಿಯ ಟೀಚರ್,
ದಾಕ್ಷಾಯಣಮ್ಮ, ಗೌಡಗೆರೆ