ಕಂದಿದ ಬಟ್ಟೆಯ ಚೂರು

ಜನವರಿ ೨೧, ಬುಧವಾರ

ಪ್ರೀತಿಯ ಎಡಚಿಗೆ,

ಹೀಗೆ ಕರೆದು ಎಷ್ಟು ವರ್ಷವಾಯಿತೋ. ಈಗ ನಿನ್ನದು ದೊಡ್ಡ ಹುದ್ದೆ, ಎಡಚಿ ಅನ್ನಲು ಯಾರಿಗಿದೆ ಧೈರ್ಯ! ಆದರೆ ನೀನು ನನ್ನ ಕೈಗೆ ಸಿಕ್ಕಿಬಿದ್ದದ್ದು ಆ ಎಡಗೈಯಿಂದಲೇ ಕಣೇ.

ನಮ್ಮ ಪರೀಕ್ಷಾಲಯಕ್ಕೆ ಬರುವ ಪೆಟ್ಟಿಗೆಗಳ ಮೇಲೆ ತಯಾರಕರ ಹೆಸರಿರುವುದಿಲ್ಲ, ಬರೀ ಒಂದು ಸಂಖ್ಯೆ. ಹೋದ ಗುರುವಾರ ನನ್ನ ಮೇಜಿಗೆ ಒಂದು ರೂಮ್ ಹೀಟರ್ ಬಂತು. ಸ್ವಿಚ್ ಎಡಗಡೆ ಇತ್ತು. ಅಮ್ಮನ ಕೋಣೆಯಲ್ಲಿ ನೀನು ಇಟ್ಟುಹೋದ ಮೊದಲ ಮಾದರಿಯ ತದ್ರೂಪು. ಯಾರ ಕೈಕೆಲಸ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಪೆಟ್ಟಿಗೆ ಬಿಚ್ಚುವ ಮೊದಲು ನಾವೊಂದು ಕಾಗದಕ್ಕೆ ಸಹಿ ಹಾಕಬೇಕು, ತಯಾರಕರಿಗೂ ನನಗೂ ಯಾವ ಸಂಬಂಧವೂ ಇಲ್ಲವೆಂದು. ಸ್ವಿಚ್ ಕಂಡ ಕೂಡಲೇ ನಾನು ಮ್ಯಾನೇಜರ ಹತ್ತಿರ ಹೋಗಿ ಆ ಸಹಿ ವಾಪಸು ಪಡೆದು, ಕೈ ತೊಳೆದುಕೊಳ್ಳಬೇಕಿತ್ತು. ಹೋಗಲಿಲ್ಲ. ನಿನ್ನ ಹೀಟರ್ ನನ್ನ ಕೈಯಲ್ಲೇ ಫೇಲಾಗಬೇಕೆಂಬ ಆಸೆ ಬಂತು.

ಯಾಕೆಂದು ಕೇಳುತ್ತೀಯಾ? ಮನೆಗೆ ಯಾರೇ ಬರಲಿ, ಅಮ್ಮ ಹೇಳುವುದು ಒಂದೇ: ನಮ್ ಚಿಕ್ಕೋಳು ಮಾಡ್ತಾಳೆ, ದೊಡ್ಡೋಳು ಮುರೀತಾಳೆ. ಎಲ್ಲರೂ ನಗುತ್ತಾರೆ, ನಾನೂ ಹಲ್ಲು ಕಿರಿಯುತ್ತೇನೆ. ನಿಜ, ಹತ್ತೊಂಬತ್ತು ವರ್ಷದಿಂದ ಮುರಿಯುತ್ತಲೇ ಇದ್ದೇನೆ. ನೀರಿಲ್ಲದ ಕೆಟಲನ್ನು ಕಾಯಿಸಿ ನೋಡುತ್ತೇನೆ, ವೈರನ್ನು ಸಾವಿರಾರು ಸಲ ಬಗ್ಗಿಸುತ್ತೇನೆ, ಮಗುವಿನ ಬೆರಳು ತೂರೀತೇ ಎಂದು ಲೋಹದ ಬೆರಳನ್ನು ಸಂದಿಗಳಲ್ಲಿ ತೂರಿಸುತ್ತೇನೆ. ಯಾವ ಮಗುವಿಗೆ ಶಾಕ್ ಹೊಡೆಯಲಿಲ್ಲವೋ ಅದರ ತಾಯಿಗೆ ನನ್ನ ಪರಿಚಯವೇ ಇಲ್ಲ. ನಿನ್ನ ಫೋಟೋ ಮಾತ್ರ ಪತ್ರಿಕೆಯಲ್ಲಿ ಬಂತು. ಅಮ್ಮ ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದಳು. ಅದು ನನ್ನ ಮದುವೆಯ ಫೋಟೋ ಇದ್ದ ಮೊಳೆ. ನನ್ನದು ಈಗ ಬೀರುವಿನ ಮೇಲೆ ಮಲಗಿದೆ.

ಸರಿ, ಪರೀಕ್ಷೆಗೆ ಬರುತ್ತೇನೆ. ಹೆಚ್ಚಿನ ವೋಲ್ಟೇಜು ಕೊಟ್ಟೆ, ಪಾಸು. ವೈರನ್ನು ಜಗ್ಗಿದೆ, ಪಾಸು. ಪಕ್ಕದ ಮೇಜಿನ ಹಿರಿಯರು ಬಗ್ಗಿ ನೋಡಿ, ಏನ್ ಅಚ್ಚುಕಟ್ಟಾಗಿದೆ ರೀ, ಮಾಡಿದೋರಿಗೆ ತಲೆ ಇದೆ ಅಂದರು. ನನಗೆ ಮೈಯೆಲ್ಲ ಉರಿಯಿತು. ಕೊನೆಗೆ ಬೀಳಿಸುವ ಪರೀಕ್ಷೆ. ಹೀಟರಿನ ತಳದಲ್ಲಿ ನೀನಿಟ್ಟ ಗುಂಡಿ ನಿನಗೇ ಗೊತ್ತಲ್ಲ. ನಿಂತಿರುವಾಗ ನೆಲ ಅದನ್ನು ಒತ್ತಿ ಹಿಡಿಯುತ್ತದೆ, ಬಿದ್ದ ಕೂಡಲೇ ಅದು ಹೊರಗೆ ಚಿಮ್ಮಿ ಕರೆಂಟ್ ನಿಲ್ಲುತ್ತದೆ. ಮರದ ಹಲಗೆಯ ಮೇಲೆ ನಾಲ್ಕೂ ಕಡೆ ಬೀಳಿಸಿದೆ. ಸುಟ್ಟರೆ ಗೊತ್ತಾಗಲೆಂದು ಮುಂದೆ ಹೊದಿಸಿದ್ದ ಬಿಳಿ ಬಟ್ಟೆ ಬಿಳಿಯಾಗಿಯೇ ಉಳಿಯಿತು.

ಆಮೇಲೆ ಹಲಗೆಯ ಮೇಲೆ ಒಂದು ದಪ್ಪ ನೆಲಹಾಸು ಹಾಸಿದೆ. ಅದು ನಮ್ಮ ನಿಯಮದ ಪುಸ್ತಕದಲ್ಲಿಲ್ಲ, ನನ್ನ ಚೀಲದಲ್ಲಿತ್ತು. ಹೀಟರ್ ಬಿದ್ದಾಗ ಹಾಸಿನ ಅಂಚು ಮಡಿಚಿಕೊಂಡು ತಳದ ಗುಂಡಿಗೆ ಒತ್ತಿ ಕೂತಿತು. ಕರೆಂಟ್ ನಿಲ್ಲಲಿಲ್ಲ. ಕಾಯಿಲ್ ಕೆಂಪಗೇ ಉಳಿಯಿತು, ನೋಡನೋಡುತ್ತಲೇ ಬಟ್ಟೆ ಕಂದಿ ಹೊಗೆಯಾಡಿತು. ಸುಳ್ಳೇಕೆ ಹೇಳಲಿ, ನನಗೆ ಕುಣಿಯುವಷ್ಟು ಖುಷಿಯಾಯಿತು.

ವರದಿಯಲ್ಲಿ ಫೇಲ್ ಎಂದು ದಪ್ಪಕ್ಷರದಲ್ಲಿ ಬರೆದು ಕೊಟ್ಟೆ. ಮ್ಯಾನೇಜರು ನಿನ್ನೆ ಕರೆಸಿ, ನೆಲಹಾಸು ಯಾರು ಹಾಸೋಕೆ ಹೇಳಿದ್ರು, ಎಲ್ಲಿಂದ ಬಂತು ಅಂತ ಕೇಳಿದರು. ಎರಡನೆಯದಕ್ಕೆ ನಾನು ಬಾಯಿ ಬಿಡಲಿಲ್ಲ. ಮೊದಲನೆಯದಕ್ಕೆ ಉತ್ತರ ಹುಡುಕುವಷ್ಟರಲ್ಲಿ, ಆ ಹೀಟರ್ ನನ್ ತಂಗಿದು ಸಾರ್ ಎಂದು ಬಾಯಿಂದ ಜಾರಿಹೋಯಿತು. ಅವರು ಬೈಯಲಿಲ್ಲ. ನಾವು ತಯಾರಕರ ಪರ ಇರ್ಬಾರ್ದು ಅಷ್ಟೇ ಅಲ್ಲಮ್ಮ, ವಿರುದ್ಧಾನೂ ಇರ್ಬಾರ್ದು ಅಂದರು. ನನ್ನ ವರದಿಯ ಪ್ರತಿ ಪುಟಕ್ಕೂ ಅಡ್ಡಗೆರೆ ಎಳೆದರು. ನನ್ನ ಮೇಲೆ ವಿಚಾರಣೆಯಿದೆ.

ಈಗ ಅದೇ ಹೀಟರಿನ ಇನ್ನೊಂದನ್ನು ತರಿಸಿ ಪಕ್ಕದ ಮೇಜಿನ ಹಿರಿಯರು ಪರೀಕ್ಷಿಸುತ್ತಾರೆ. ಅವರು ಪುಸ್ತಕದಲ್ಲಿರುವುದನ್ನು ಚಾಚೂ ತಪ್ಪದೆ ಮಾಡುವವರು, ಅಂದರೆ ನೆಲಹಾಸಿಲ್ಲದೆ. ನಿಯಮ ಬರೆಯುವ ಸಮಿತಿಗೆ ಮ್ಯಾನೇಜರು ಪತ್ರ ಹಾಕುತ್ತಾರಂತೆ. ಆ ಸಮಿತಿ ಸೇರಿ, ಚರ್ಚಿಸಿ, ಚಹಾ ಕುಡಿದು ಮುಗಿಸುವಷ್ಟರಲ್ಲಿ ನಿನ್ನ ಹೀಟರ್ ಸಾವಿರಾರು ಮನೆ ಸೇರಿರುತ್ತದೆ. ಮುಂದಿನ ವಾರ ನಿನಗೆ ಪ್ರಮಾಣಪತ್ರ ಬರುತ್ತದೆ, ಅದರಲ್ಲಿ ಸಂಶಯವಿಲ್ಲ.

ಅದನ್ನು ನಂಬಿ ಮಾರಾಟಕ್ಕೆ ಬಿಡಬೇಡ. ನೆಲದ ಹಂಗಿಲ್ಲದ, ವಾಲಿದ ಕೂಡಲೇ ಆರುವ ಸ್ವಿಚ್ಚನ್ನು ಒಳಗೆ ಕೂರಿಸು. ಅಕ್ಕನಿಗೆ ಹೊಟ್ಟೆಕಿಚ್ಚು ಅನ್ನುತ್ತೀಯಾ? ಅನ್ನು, ಇದೆ, ಬೇಕಾದಷ್ಟಿದೆ. ಆದರೆ ಆ ಬಟ್ಟೆಯ ಚೂರನ್ನು ಇದರ ಜೊತೆಗೇ ಇಟ್ಟಿದ್ದೇನೆ. ಅದಕ್ಕೆ ನಿನ್ನ ಮೇಲೆ ಯಾವ ಹೊಟ್ಟೆಕಿಚ್ಚೂ ಇಲ್ಲ.

ಇಂತಿ ನಿನ್ನ,
ಮುರಿಯುವ ಅಕ್ಕ

ತಾ.ಕ.: ನೆಲಹಾಸು ಅಮ್ಮನ ಕೋಣೆಯದು. ಈ ತಿಂಗಳ ನಾಲ್ಕನೇ ತಾರೀಖು ನಾನು ಅಲ್ಲಿದ್ದಾಗ ಅಮ್ಮನ ಕಾಲು ತಗುಲಿ ನಿನ್ನ ಹೀಟರ್ ಅದರ ಮೇಲೆ ಬಿತ್ತು, ಆರಲಿಲ್ಲ. ನಾನು ಎತ್ತಿ ನಿಲ್ಲಿಸಿ, ಏನೂ ಹೇಳದೆ ಬಂದೆ. ಪರೀಕ್ಷೆಗೆ ನಮ್ಮಲ್ಲಿಗೇ ಬರುವುದಿತ್ತಲ್ಲ, ಫೇಲೆಂದು ಮೊಹರಿನ ಕಾಗದದ ಮೇಲೇ ಬೀಳಲಿ ಎಂದು ಕಾದೆ. ಹಾಸನ್ನು ಒಗೆದು ತರುತ್ತೇನೆಂದು ಹೇಳಿ ಹೊತ್ತು ತಂದೆ, ಹೀಟರನ್ನು ಅಲ್ಲೇ ಬಿಟ್ಟೆ. ಅಮ್ಮ ಅಲ್ಲಿ ಇನ್ನೊಂದು ಹಾಸು ಹಾಸಿಕೊಂಡಳು. ಇವತ್ತು ಬೆಳಿಗ್ಗೆ ಹೀಟರ್ ತರಲು ಹೋದಾಗ, ಚಿಕ್ಕೋಳ ವಸ್ತು ಕಂಡ್ರೆ ನಿಂಗಾಗಲ್ಲ ಅಲ್ವಾ ಅಂದಳು. ಹೂಂ ಅಮ್ಮ ಅಂದೆ. ಹದಿನೇಳು ರಾತ್ರಿ ಅವಳು ಅದರ ಪಕ್ಕ ಮಲಗಿದ್ದಾಳೆ. ಇದನ್ನು ಅವಳಿಗೆ ಹೇಳುವುದೋ ಬೇಡವೋ, ನೀನೇ ತೀರ್ಮಾನಿಸು.