ನಮ್ಮ ಗಜನಿಯ ಒಡ್ಡಿನಲ್ಲಿ ನಿಮ್ಮ ಕೋಬಾಲ್ಟ್

ತ್ಯಾಜ್ಯದಿಂದ ಲೋಹ ತೆಗೆಯುವ ಯೋಜನೆಯ ಮುಖ್ಯಾಧಿಕಾರಿಗಳೇ,

ಮಂಜಗುಣಿ ಬಳಿ ಉಪ್ಪುನೀರಿನ ದಂಡೆಗಿರುವ ನಮ್ಮ ಗಜನಿ ಗದ್ದೆಯ ಒಡ್ಡಿನ ಮೇಲೆ ಕಳೆದ ವಾರ ನಿಮ್ಮವರು ಕೆಂಪು ಬಾವುಟ ನೆಟ್ಟು ಹೋದರು. ಒಡ್ಡಿನ ಮಣ್ಣಿನಲ್ಲಿ ಬ್ಯಾಟರಿಗೆ ಬೇಕಾದ ಕೋಬಾಲ್ಟ್ ಇದೆಯಂತೆ, ಅದು ಸರ್ಕಾರದ ಸ್ವತ್ತಂತೆ, ನನ್ನ ಅತ್ತೆ ಮಂಜಿ ಅದನ್ನು ಕದ್ದಿದ್ದಾಳಂತೆ. ಎಪ್ಪತ್ತು ದಾಟಿದ ಮೇಲೆ ಆಕೆ ಬ್ಯಾಟರಿ ಕಾರ್ಖಾನೆ ಹಾಕಲು ಹೊರಟಿದ್ದಾಳೆಂದು ತಿಳಿದಿರಾ?

ಆ ಕಳ್ಳತನದ ಕಥೆ ಎಲ್ಲರಿಗೂ ಗೊತ್ತಾಗಲಿ. ಅದಿರು ಕಂಪನಿ ಬಾಗಿಲು ಹಾಕಿಕೊಂಡು ಹೋಗುವಾಗ ತನ್ನ ಕಪ್ಪು ಕಸದ ಗುಡ್ಡವನ್ನು ನಮ್ಮ ಗದ್ದೆಯ ಮಗ್ಗುಲಲ್ಲೇ ಬಿಟ್ಟುಹೋಯಿತು. ಮಳೆಗೆ ಅದು ಜರಿದು ನಾಟಿಯನ್ನು ಮುಚ್ಚಿತು, ಬಾವಿ ನೀರು ಬಾಯಿಗಿಡಲಾಗದಂತಾಯಿತು. ಅತ್ತೆ ಕಾರವಾರಕ್ಕೆ ಹೋಗಿ ಆಗಿನ ಸಾಹೇಬರ ಮುಂದೆ ನಿಂತು ಅತ್ತಳು. ಅದು ಯಾರಿಗೂ ಬೇಡದ ಮಣ್ಣು, ಹೊತ್ತು ನಿಮ್ಮ ಒಡ್ಡಿಗೆ ಹಾಕಿಕೊಳ್ಳಿ ಎಂದು ಅವರು ಉಪದೇಶ ಮಾಡಿ ಕಳಿಸಿದರು. ಅತ್ತೆ ನಂಬಿದಳು. ಭಾರದ ಮಣ್ಣು, ಸಮುದ್ರ ಉಕ್ಕಿ ಬರುವ ಭರತದ ಉಪ್ಪುನೀರಿಗೆ ಕೊಚ್ಚಿಹೋಗದು ಎಂದು ಖುಷಿಯಿಂದಲೇ ಬುಟ್ಟಿ ಹೊತ್ತಳು, ಕೇರಿಯವರೆಲ್ಲ ಹೊತ್ತೆವು. ಆ ಒಡ್ಡು ನಿಂತಿದ್ದಕ್ಕೇ ಇವತ್ತು ಕಗ್ಗ ಭತ್ತದ ಅನ್ನ ಉಣ್ಣುತ್ತಿದ್ದೇವೆ.

ಈಗ ಅದನ್ನು ಅಗೆದೊಯ್ಯುತ್ತೀರಂತೆ. ನಮ್ಮ ನಾಟಿ ಮುಚ್ಚಿದ ದಿನ ಅದು ಯಾರ ಸ್ವತ್ತಾಗಿತ್ತು ಸ್ವಾಮಿ? ನಮ್ಮ ಬಾವಿಯ ತಳದಲ್ಲೂ ಸರ್ಕಾರದ ಸ್ವತ್ತು ಕೂತಿದೆ, ಅದಕ್ಕೇಕೆ ಬಾವುಟವಿಲ್ಲ? ಬಾವುಟ ನೆಡುತ್ತಿದ್ದ ನಿಮ್ಮ ಇಂಜಿನಿಯರಿಗೆ ಅತ್ತೆ ಹೇಳಿದ್ದು ಇಷ್ಟೇ: "ಒಡ್ಡು ತಕಂಡ್ ಹೋಗಿ. ಆದ್ರೆ ಭರತದ ನೀರಿಗೆ ಬರ್ಬೇಡ ಅಂತ ಹೇಳ್ಕಂಡ್ ನೀವೇ ಇಲ್ಲಿ ನಿಂತ್ಕಣಿ." ಆತ ನಕ್ಕ. ಆ ನಗುವನ್ನು ನಾನು ಮರೆಯುವುದಿಲ್ಲ, ಮರೆಯುವ ಮನಸ್ಸೂ ಇಲ್ಲ.

ಮೊದಲು ಕಲ್ಲಿನ ಹೊಸ ಒಡ್ಡು ಕಟ್ಟಿಕೊಡಿ, ಆಮೇಲೆ ಹಳೆಯದಕ್ಕೆ ಕೈ ಹಚ್ಚಿ. ಅತ್ತೆಯನ್ನು ಕಳ್ಳಿ ಎಂದ ಮಾತನ್ನು ಕೇರಿಯವರ ಎದುರೇ ಹಿಂದಕ್ಕೆ ತೆಗೆದುಕೊಳ್ಳಿ. ಆಗದಿದ್ದರೆ ಕೇಳಿಸಿಕೊಳ್ಳಿ. ನಮ್ಮಲ್ಲಿ ಒಡ್ಡು ಒಡೆದರೆ ಕಂಡವರು ಕೂ ಹಾಕುತ್ತಾರೆ. ಜಗಳವಾಡಿ ಮಾತು ಬಿಟ್ಟವರೂ ಬುಟ್ಟಿ ಹಿಡಿದು ಓಡಿಬರುತ್ತಾರೆ. ನಾವು ಹೊತ್ತು ಮಿಕ್ಕ ನಿಮ್ಮ ಕೋಬಾಲ್ಟ್ ಗುಡ್ಡದ ಬುಡ ಇರುವುದೂ ಅದೇ ಒಡ್ಡಿನ ಒಳಗೆ. ಒಡ್ಡು ತೆಗೆದರೆ ಅಮಾವಾಸ್ಯೆಯ ಭರತ ಮೊದಲು ನಮ್ಮ ಗದ್ದೆ ತಿನ್ನುತ್ತದೆ, ಆಮೇಲೆ ನಿಮ್ಮ ಗುಡ್ಡಕ್ಕೆ ಬಾಯಿ ಹಾಕುತ್ತದೆ. ನಮ್ಮದು ಹೋದಮೇಲೆ ನಮಗೆ ಯಾವ ಅವಸರವೂ ಇಲ್ಲ.

ಅಂದು ಕೂ ನೀವೇ ಹಾಕಿ. ನಾವು ದಡದಲ್ಲಿ ಕೂತು ಕೇಳುತ್ತೇವೆ.

ಇಂತಿ,
ನಿಮ್ಮ ಸಂಪತ್ತನ್ನು ತಲೆಯ ಮೇಲೆ ಹೊತ್ತು ಕಾಪಾಡಿದ ಕಳ್ಳಿಯ ಸೊಸೆ,
ಯಶೋದಾ ಹುಲಿಯಾ ಗೌಡ